ವ್ಯಾನಿನ ರೇಡಿಯೇಟರಿಗೆ ಸ್ಥಳವೆಲ್ಲಿ?

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಕುಣಿಗಲಿನ ಕಡೆಗೆ ಸಾಗುವವರಿಗೆ ಮಾಗಡಿ ಸೀಮೆಯ ಸೋಲೂರು ಎದುರಾಗುತ್ತದೆ. ಹಗಲಿರುಳೆನ್ನದೆ ಈ ಊರನ್ನು ಹಾದುಹೋಗುವ ವಾಹನಗಳನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ನಮ್ಮ ಕಣ್ಣಿಗೆ ಬೀಳುತ್ತದೆ. ಲಾರಿಗೆ, ಕಾರಿಗೆ, ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿಗೆ ಮೋರೆಯ ಮೇಲೆಯೇ ಜಾಲರಿಯುಂಟು. ಅದರ ಹಿಂದೆ ರೇಡಿಯೇಟರು ಉಂಟು. ನಾವು ಬಹುಕಾಲದಿಂದ ಕಂಡಿರುವ ಪೆಟ್ರೋಲು ಆಟೋರಿಕ್ಷಾಕ್ಕೆ ರೇಡಿಯೇಟರೇ ಇಲ್ಲ. ಅದರ ಇಂಜಿನು ಪ್ರಯಾಣಿಕರ ಸೀಟಿನ ಕೆಳಗೆ ಕುಳಿತು ಗಾಳಿಯಿಂದಲೇ ತಣಿಯುತ್ತದೆ. ಇನ್ನು ಮಂಗಳೂರಿಗೆ ಹೋಗುವ ಐರಾವತ ಬಸ್ಸನ್ನು ನೋಡಿ. ಅದರ ಇಂಜಿನು ಹಿಂದೆ ಇದೆ. ಆದರೆ ನೀರಿನಿಂದ ತಣಿಯುವ ಇಂಜಿನು. ಅದರ ರೇಡಿಯೇಟರಿನ ಜಾಲರಿ ಹಿಂಚಕ್ರದ ಆಚೆ, ಪಕ್ಕದ ಮೈಯಲ್ಲಿದೆ.

ಹಾಗಾದರೆ ರೇಡಿಯೇಟರಿಗೆ ಸರಿಯಾದ ಸ್ಥಳ ಯಾವುದು? ಹಿಂದೆ ಇಂಜಿನಿದ್ದು ಗಾಳಿಯಿಂದ ತಣಿಯುತ್ತಿದ್ದ ಒಂದು ವ್ಯಾನಿಗೆ ನೀರಿನಿಂದ ತಣಿಯುವ ಇಂಜಿನನ್ನು ಕೂಡಿಸಬೇಕಾದರೆ ಈ ಪ್ರಶ್ನೆ ಬಹಳ ತೊಡಕಿನದಾಗುತ್ತದೆ. ಏಕೆಂದರೆ ಆ ವ್ಯಾನಿನಲ್ಲಿ ರೇಡಿಯೇಟರಿಗೆಂದು ಯಾರೂ ಜಾಗವನ್ನು ಬಿಟ್ಟಿಲ್ಲ. ಜಗತ್ಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ ವ್ಯಾನಿನ ಚರಿತ್ರೆಯಲ್ಲಿ ಈ ತೊಡಕು ನಿಜವಾಗಿಯೇ ಎದ್ದಿತು. ಕಾರ್ಖಾನೆಯ ಇಂಜಿನಿಯರುಗಳು ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ಬಿಡಿಸಬೇಕಾಯಿತು. ಹಳೆಯ ವ್ಯಾನುಗಳನ್ನು ಉಳಿಸಿಕೊಂಡಿರುವ ಹವ್ಯಾಸಿಗಳು ಅದನ್ನು ಇಂದಿಗೂ ಬಿಡಿಸುತ್ತಿದ್ದಾರೆ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಹಿಡಿದುಕೊಂಡು ನಾವೂ ಅದನ್ನು ಬಿಡಿಸಲು ಹೊರಡೋಣ.

ಗಾಳಿಯಿಂದ ನೀರಿಗೆ

ಫೋಕ್ಸ್‌ವ್ಯಾಗನ್ ವ್ಯಾನಿನ ತಯಾರಿಕೆ ಜರ್ಮನಿಯಲ್ಲಿ ೧೯೫೦ರಲ್ಲಿ ಆರಂಭವಾಯಿತು. ೧೧೩೧ ಘನ ಸೆಂಟಿಮೀಟರಿನ, ೨೫ ಅಶ್ವಶಕ್ತಿಯ ಚಿಕ್ಕ ಇಂಜಿನು ಅದರ ಹಿಂಭಾಗದಲ್ಲಿತ್ತು. ಸಿಲಿಂಡರುಗಳ ಮೈಮೇಲೆ ತೆಳುವಾದ ಲೋಹದ ರೆಕ್ಕೆಗಳು. ಅವುಗಳ ಮೇಲೆ ಗಾಳಿಯನ್ನು ತಳ್ಳುವ ಒಂದು ಫ್ಯಾನು. ಆ ಗಾಳಿ ಅತ್ತಿತ್ತ ಸೋರಿಹೋಗದಂತೆ ತಗಡಿನ ಕವಚ. ಇಷ್ಟೇ ಅದರ ತಣಿಸುವ ಏರ್ಪಾಡು. ನೀರಿಲ್ಲ, ಆದ್ದರಿಂದ ಸೋರುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಂಜಿನನ್ನು ಸೀಳುವುದಿಲ್ಲ. ಯೂರೋಪಿನ ಚಳಿಯಲ್ಲಿ, ಮನೆಯ ಹೊರಗೆ ನಿಲ್ಲಬೇಕಾದ ಬಡವರ ವಾಹನಕ್ಕೆ ಇದು ದೊಡ್ಡ ಅನುಕೂಲವಾಗಿತ್ತು.

ಆದರೆ ಗಾಳಿ ಬಹಳ ಬಡ ಕೂಲಿಯಾಳು. ಒಂದು ಲೀಟರು ನೀರು ಒಂದು ಡಿಗ್ರಿ ಬಿಸಿಯಾಗುವಾಗ ಹೊತ್ತೊಯ್ಯುವ ಶಾಖವನ್ನು ಗಾಳಿಯೇ ಹೊರಬೇಕಾದರೆ ಸುಮಾರು ೩,೫೦೦ ಲೀಟರು ಗಾಳಿ ಬೇಕು. ಇಂಜಿನಿನ ಶಕ್ತಿ ಹೆಚ್ಚಿದಂತೆ ಸಿಲಿಂಡರಿನ ತಲೆಯಲ್ಲಿ, ಅದರಲ್ಲಿಯೂ ಹೊಗೆ ಹೊರಬೀಳುವ ಕವಾಟದ ಬಳಿಯಲ್ಲಿ, ಶಾಖ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ. ಅಷ್ಟು ಚಿಕ್ಕ ಜಾಗದಿಂದ ಶಾಖವನ್ನು ಬೇಗನೆ ಕಿತ್ತು ತರಲು ನೀರಿಗಿರುವ ಸಾಮರ್ಥ್ಯ ಗಾಳಿಗಿಲ್ಲ. ಜೊತೆಗೆ ಹೊಗೆಯಲ್ಲಿರುವ ವಿಷವಸ್ತುಗಳನ್ನು ಕುರಿತ ಕಾನೂನುಗಳು ದಿನದಿನಕ್ಕೆ ಬಿಗಿಯಾದವು. ಇಂಜಿನಿನ ಉಷ್ಣತೆ ಒಂದೇ ಮಟ್ಟದಲ್ಲಿ ನಿಂತರೆ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡಬಹುದು. ನೀರು ಅದಕ್ಕೆ ನೆರವಾಗುತ್ತದೆ. ಸಿಲಿಂಡರಿನ ಸುತ್ತ ನೀರಿನ ಹೊದಿಕೆಯಿದ್ದರೆ ಸದ್ದೂ ಕಡಿಮೆ.

ಹೀಗಾಗಿ ೧೯೮೨ರ ಕೊನೆಯ ಭಾಗದಲ್ಲಿ ಮೂರನೆಯ ತಲೆಮಾರಿನ ಫೋಕ್ಸ್‌ವ್ಯಾಗನ್ ವ್ಯಾನಿಗೆ ನೀರಿನಿಂದ ತಣಿಯುವ ೧.೯ ಲೀಟರಿನ ಪೆಟ್ರೋಲು ಇಂಜಿನು ಬಂದಿತು. ಇಂಜಿನು ಹಿಂದೆಯೇ ಉಳಿಯಿತು. ರೇಡಿಯೇಟರು ಮಾತ್ರ ವ್ಯಾನಿನ ಮೋರೆಗೆ ಹೋಯಿತು. ಮುಂದೀಪಗಳ ಕೆಳಗೆ ಮೊದಲಿಲ್ಲದ ಎರಡನೆಯ ಜಾಲರಿಯೊಂದು ಕಾಣಿಸಿಕೊಂಡಿತು. ಬ್ರೆಜಿಲ್ ದೇಶದಲ್ಲಿ ಹಳೆಯ ಮಾದರಿಯ ವ್ಯಾನೇ ಬಹುಕಾಲ ತಯಾರಾಗುತ್ತಿದ್ದಿತು. ಅಲ್ಲಿ ಗಾಳಿಯ ಇಂಜಿನು ೨೦೦೫ರ ಕೊನೆಯವರೆಗೆ ಬಾಳಿತು. ಆಮೇಲೆ ೧.೪ ಲೀಟರಿನ ನೀರಿನ ಇಂಜಿನು ಬಂದಾಗ ವ್ಯಾನಿನ ದುಂಡನೆಯ ಮೋರೆಯ ಮೇಲೆ ಕಪ್ಪು ಜಾಲರಿಯೊಂದು ಏರಿ ಕುಳಿತಿತು. ಆ ವ್ಯಾನು ೨೦೧೩ರವರೆಗೂ ತಯಾರಾಯಿತು. ಎರಡು ದೇಶಗಳ ಇಂಜಿನಿಯರುಗಳೂ ಒಂದೇ ಉತ್ತರಕ್ಕೆ ಬಂದದ್ದೇಕೆ?

ಶಾಖದ ಲೆಕ್ಕಪತ್ರ

ಪೆಟ್ರೋಲು ಉರಿದು ಕೊಡುವ ಶಕ್ತಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಚಕ್ರವನ್ನು ತಿರುಗಿಸುತ್ತದೆ. ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದೊಂದು ಪಾಲು ತಣಿಸುವ ನೀರಿಗೆ ಸೇರುತ್ತದೆ. ಅಂದರೆ ಇಂಜಿನು ೧೫ ಕಿಲೋವಾಟಿನಷ್ಟು ಕೆಲಸ ಮಾಡುತ್ತಿರುವಾಗ ರೇಡಿಯೇಟರು ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಹೊರಹಾಕಬೇಕು. ಮನೆಯ ಸ್ನಾನದ ನೀರು ಕಾಯಿಸುವ ೨ ಕಿಲೋವಾಟಿನ ಗೀಸರುಗಳು ಏಳೆಂಟು ಒಟ್ಟಿಗೆ ಉರಿಯುತ್ತಿರುವಷ್ಟು ಶಾಖವಿದು.

ನೀರು ರೇಡಿಯೇಟರನ್ನು ಹಾಯುವಾಗ ೭ ಡಿಗ್ರಿಯಷ್ಟು ತಣಿಯುತ್ತದೆಂದು ಇಟ್ಟುಕೊಂಡರೆ ಸೆಕೆಂಡಿಗೆ ಅರ್ಧ ಲೀಟರು ನೀರು ಹರಿಯಬೇಕು. ರೇಡಿಯೇಟರಿನ ಮೂಲಕ ಹಾಯುವ ಗಾಳಿ ೩೦ ಡಿಗ್ರಿಯಷ್ಟು ಬಿಸಿಯಾಗುವುದಾದರೆ ಸೆಕೆಂಡಿಗೆ ಅರ್ಧ ಕಿಲೋಗ್ರಾಂ, ಎಂದರೆ ೪೩೫ ಲೀಟರು ಗಾಳಿ ಬೇಕು. ರೇಡಿಯೇಟರು ೫೦ ಸೆಂಟಿಮೀಟರು ಅಗಲ, ೪೦ ಸೆಂಟಿಮೀಟರು ಎತ್ತರ ಇರುವುದಾದರೆ ಅದರ ಮುಖದ ಮೇಲೆಲ್ಲ ಗಾಳಿ ಗಂಟೆಗೆ ಸುಮಾರು ೮ ಕಿಲೋಮೀಟರು ವೇಗದಲ್ಲಿ ನುಗ್ಗುತ್ತಿರಬೇಕು. ಇದೇನು ಮಹಾ ವೇಗ, ಚುರುಕಾಗಿ ನಡೆಯುವವನೇ ಹೆಚ್ಚುಕಡಿಮೆ ಇಷ್ಟು ವೇಗದಲ್ಲಿ ಹೋಗುತ್ತಾನಲ್ಲ ಎನ್ನಿಸಬಹುದು. ಆದರೆ ರೇಡಿಯೇಟರಿನ ಸಂದುಗಳು ಬಹಳ ಇಕ್ಕಟ್ಟು. ಬಯಲಿನಲ್ಲಿ ಬೀಸುವ ಗಾಳಿ ಬೇರೆ, ಬಾಚಣಿಗೆಯ ಹಲ್ಲುಗಳಂತಹ ಸಾವಿರಾರು ಎಲೆಗಳ ನಡುವೆ ನುಸುಳುವ ಗಾಳಿ ಬೇರೆ. ಅದನ್ನು ತಳ್ಳಲು ಒತ್ತಡ ಬೇಕು.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು. ರೇಡಿಯೇಟರು ಎಂದರೆ ವಿಕಿರಣ ಮಾಡುವುದು ಎಂದರ್ಥ. ಆದರೆ ೯೦ ಡಿಗ್ರಿಯಷ್ಟು ಬಿಸಿಯಾದ ಆ ರೇಡಿಯೇಟರಿನ ಎರಡೂ ಮುಖಗಳಿಂದ ವಿಕಿರಣದ ಮೂಲಕ ಹೋಗುವ ಶಾಖ ೨೦೦ ವಾಟನ್ನು ಮುಟ್ಟುವುದಿಲ್ಲ. ಬೇಕಾದುದರ ನೂರರಲ್ಲೊಂದು ಪಾಲು ಮಾತ್ರ. ಉಳಿದುದೆಲ್ಲ ಹಾಯುವ ಗಾಳಿಯ ಕೆಲಸ. ಆದ್ದರಿಂದ ಬಿಸಿ ರೇಡಿಯೇಟರನ್ನು ತಂಪಾದ ನೆರಳಿನಲ್ಲಿ ಇಟ್ಟರೆ ಸಾಕೆಂಬ ಭಾವನೆ ತಪ್ಪು. ಗಾಳಿ ಒಂದು ಮುಖದಿಂದ ಒಳಹೊಕ್ಕು ಇನ್ನೊಂದು ಮುಖದಿಂದ ಹೊರಬೀಳಲೇಬೇಕು.

ಸಮತಟ್ಟಿನ ದಾರಿ, ಘಟ್ಟದ ದಾರಿ

ಈಗ ಎರಡು ಟನ್ನು ತೂಗುವ, ಜನ ತುಂಬಿದ ವ್ಯಾನೊಂದು ಸೋಲೂರನ್ನು ಹಾದು ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಓಡುತ್ತಿದೆಯೆಂದು ಭಾವಿಸೋಣ. ಗಾಳಿಯ ಅಡ್ಡಿಯನ್ನು ಭೇದಿಸಲು ೯ ಕಿಲೋವಾಟು, ಚಕ್ರಗಳ ಉರುಳಾಟದ ಅಡ್ಡಿಗೆ ೬.೫ ಕಿಲೋವಾಟು, ಒಟ್ಟು ಸುಮಾರು ೧೫.೫ ಕಿಲೋವಾಟು ಬೇಕಾಗುತ್ತದೆ.

ಅದೇ ವ್ಯಾನು ಮಂಗಳೂರಿನಿಂದ ಮರಳುವಾಗ ಗುಂಡ್ಯವನ್ನು ದಾಟಿ ಸಕಲೇಶಪುರದ ಕಡೆಗೆ ಶಿರಾಡಿ ಘಟ್ಟವನ್ನು ಹತ್ತಬೇಕು. ೧೫ ಮೀಟರು ಸಾಗಿದರೆ ೧ ಮೀಟರು ಏರುವ ಒಂದು ಏರನ್ನು ಅದು ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಹತ್ತುತ್ತಿದೆಯೆಂದು ಇಟ್ಟುಕೊಳ್ಳೋಣ. ಎರಡು ಟನ್ನು ಭಾರವನ್ನು ಎತ್ತುವುದಕ್ಕೆ ಸುಮಾರು ೧೧ ಕಿಲೋವಾಟು, ಚಕ್ರಗಳಿಗೆ ೨.೫, ಗಾಳಿಗೆ ಅರ್ಧ. ಒಟ್ಟು ೧೪ ಕಿಲೋವಾಟು. ಎರಡೂ ಕಡೆ ಇಂಜಿನಿನ ಕೆಲಸ ಹೆಚ್ಚುಕಡಿಮೆ ಒಂದೇ! ಆದ್ದರಿಂದ ನೀರಿಗೆ ಸೇರುವ ಶಾಖವೂ ಹೆಚ್ಚುಕಡಿಮೆ ಒಂದೇ.

ಆದರೆ ಎದುರುಗಾಳಿಯ ಒತ್ತಡ ಒಂದೇ ಅಲ್ಲ. ಚಲಿಸುವ ವಾಹನದ ಮೋರೆಗೆ ಬಡಿದು ನಿಲ್ಲುವ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ೮೦ ಕಿಲೋಮೀಟರು ವೇಗದಲ್ಲಿ ಆ ಒತ್ತಡ ೨೯ ಮಿಲಿಮೀಟರು ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲುದು. ೩೦ ಕಿಲೋಮೀಟರು ವೇಗದಲ್ಲಿ ಕೇವಲ ೪ ಮಿಲಿಮೀಟರನ್ನು. ಶಾಖ ಅಷ್ಟೇ, ತಳ್ಳುವ ಬಲ ಮಾತ್ರ ಏಳರಲ್ಲೊಂದು ಪಾಲು! ರೇಡಿಯೇಟರಿನ ಸ್ಥಳವನ್ನು ಕುರಿತ ಚರ್ಚೆಯ ತಿರುಳೆಲ್ಲ ಇಲ್ಲಿದೆ. ಹೆದ್ದಾರಿಯಲ್ಲಿ ನೂರಾರು ಮೈಲಿ ತಂಪಾಗಿ ಓಡಿದ ವಾಹನ ಘಟ್ಟದಲ್ಲಿ ಏಕೆ ಕುದಿಯುತ್ತದೆಂಬುದಕ್ಕೂ ಇದೇ ಕಾರಣ.

ಕುದಿಯಲು ಎಷ್ಟು ಹೊತ್ತು ಬೇಕು? ನೀರು ಮುಚ್ಚಿದ ಪಾತ್ರೆಯಲ್ಲಿರುತ್ತದೆ. ರೇಡಿಯೇಟರಿನ ಮುಚ್ಚಳ ಅಡಿಗೆಮನೆಯ ಕುಕ್ಕರಿನ ತೂಕದಂತೆ ಒತ್ತಡವನ್ನು ಹಿಡಿದಿಡುತ್ತದೆ. ಹೊರಗಿನ ಒತ್ತಡಕ್ಕಿಂತ ೦.೯ ಬಾರ್ ಹೆಚ್ಚಿದ್ದರೆ ನೀರು ೧೧೮ ಡಿಗ್ರಿಯವರೆಗೆ ಕುದಿಯದು. ವ್ಯಾನಿನಲ್ಲಿ ೧೭ ಲೀಟರು ನೀರು, ನೂರು ಕಿಲೋಗ್ರಾಂ ತೂಗುವ ಇಂಜಿನಿನ ಲೋಹ, ಇವೆರಡೂ ಸೇರಿ ೯೦ ಡಿಗ್ರಿಯಿಂದ ೧೧೮ ಡಿಗ್ರಿಗೆ ಏರಲು, ರೇಡಿಯೇಟರು ಪೂರ್ತಿ ಕೈಕೊಟ್ಟರೆ, ಸುಮಾರು ನಾಲ್ಕು ನಿಮಿಷ ಸಾಕು. ಅಷ್ಟರಲ್ಲಿ ವ್ಯಾನು ಘಟ್ಟದಲ್ಲಿ ಎರಡು ಕಿಲೋಮೀಟರು ಮಾತ್ರ ಏರಿರುತ್ತದೆ. ರೇಡಿಯೇಟರು ಅರ್ಧದಷ್ಟು ಕೆಲಸ ಮಾಡಿದರೂ ಪಾರಾಗುವುದು ಕಷ್ಟ. ಹೊರಗೆ ೩೫ ಡಿಗ್ರಿ ಬಿಸಿಲಿರುವಾಗ ೯೦ ಡಿಗ್ರಿಯ ನೀರಿಗೂ ಗಾಳಿಗೂ ೫೫ ಡಿಗ್ರಿಯ ಅಂತರ; ಅರ್ಧ ಸಾಮರ್ಥ್ಯದ ರೇಡಿಯೇಟರು ಪೂರ್ತಿ ಶಾಖವನ್ನು ಬಿಡಬೇಕಾದರೆ ಅಂತರ ೧೧೦ ಡಿಗ್ರಿಯಾಗಬೇಕು, ಎಂದರೆ ನೀರು ೧೪೫ ಡಿಗ್ರಿಗೆ ಏರಬೇಕು. ಅದಕ್ಕೆ ಬಹಳ ಮೊದಲೇ ನೀರು ಕುದಿದು ಹೊರಚೆಲ್ಲುತ್ತದೆ. ಸಿಲಿಂಡರಿನ ತಲೆ ಸೊಟ್ಟಗಾಗುತ್ತದೆ. ಅದರ ಕೆಳಗಿನ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಬಾಡಿಗೆಯ ವ್ಯಾನನ್ನೇ ನಂಬಿದ ಸಂಸಾರಕ್ಕೆ ಇದು ತಿಂಗಳುಗಟ್ಟಲೆಯ ಸಂಪಾದನೆಯ ಪ್ರಶ್ನೆ.

ವ್ಯಾನಿನ ಮೈಮೇಲಿನ ಒತ್ತಡದ ನಕ್ಷೆ

ಗಾಳಿ ಯಾವಾಗಲೂ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುತ್ತದೆ. ಓಡುವ ವ್ಯಾನಿನ ಮೈಮೇಲೆ ಒತ್ತಡದ ನಕ್ಷೆಯೊಂದನ್ನು ಬರೆದರೆ ಹೀಗಿರುತ್ತದೆ: ಮೋರೆಯ ನಡುವೆ ಒತ್ತಡ ಅತ್ಯಂತ ಹೆಚ್ಚು. ಮೋರೆಯ ಅಂಚುಗಳನ್ನು ದಾಟಿ ಗಾಳಿ ಪಕ್ಕಕ್ಕೆ ಹೊರಳುವಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕೆಳಗಿಳಿಯುತ್ತದೆ. ಮಾಡಿನ ಮೇಲೆ, ಪಕ್ಕಗಳಲ್ಲಿ, ಹಿಂಭಾಗದಲ್ಲಿ ಎಲ್ಲೆಲ್ಲಿಯೂ ಸ್ವಲ್ಪ ಹೀರುವ ಗುಣವೇ. ನೆಲಕ್ಕೂ ವ್ಯಾನಿನ ಹೊಟ್ಟೆಗೂ ನಡುವಿನ ಗಾಳಿ ವೇಗವಾಗಿ, ಆದರೆ ಕದಡಿಕೊಂಡು ಹರಿಯುತ್ತದೆ. ಈ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದೊಂದೇ ಸ್ಥಳವನ್ನು ಪರೀಕ್ಷಿಸೋಣ.

ಮೊದಲನೆಯದು ಮೋರೆ. ಒಳಹೋಗುವ ಬಾಯಿ ಹೆಚ್ಚಿನ ಒತ್ತಡದಲ್ಲಿ, ಹೊರಬೀಳುವ ಬಾಯಿ ಹೊಟ್ಟೆಯ ಕೆಳಗೆ ಕಡಿಮೆ ಒತ್ತಡದಲ್ಲಿ. ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿಲ್ಲ. ಗಾಳಿಯೂ ತಾಜಾ, ಇಂಜಿನಿನ ಬಿಸಿ ಅದಕ್ಕೆ ತಗುಲಿರುವುದಿಲ್ಲ. ನಮ್ಮ ದೇಶದಲ್ಲಿ ೧೯೮೪ರಿಂದ ೨೦೧೯ರವರೆಗೆ ತಯಾರಾದ ಮಾರುತಿ ವ್ಯಾನಿನಲ್ಲಿ ಇಂಜಿನು ಮುಂದಿನ ಸೀಟಿನ ಕೆಳಗಿದ್ದರೂ ರೇಡಿಯೇಟರನ್ನು ಇನ್ನೂ ಮುಂದಕ್ಕೆ ತಂದು ಬಂಪರಿನ ಹಿಂದೆ ಇರಿಸಿದ್ದುದು ಇದಕ್ಕಾಗಿಯೇ. ಮೋರೆಯ ಸ್ಥಾನಕ್ಕೆ ದೋಷಗಳೂ ಉಂಟು. ಮೈತಗಡನ್ನು ಕೊಯ್ಯಬೇಕು, ಚಾಲಕನ ಕಾಲಿನ ಮುಂದಿರುವ ಜಾಗ ಕಿರಿದಾಗುತ್ತದೆ, ಹಿಂದಿನ ಇಂಜಿನಿನಿಂದ ಮುಂದಿನ ರೇಡಿಯೇಟರಿಗೆ ಉದ್ದನೆಯ ಕೊಳವೆಗಳನ್ನು ಎಳೆಯಬೇಕು.

ಎರಡನೆಯದು ಹೊಟ್ಟೆಯ ಕೆಳಗೆ. ಮೈತಗಡನ್ನು ಕೊಯ್ಯಲು ಮನಸ್ಸಿಲ್ಲದ ಹವ್ಯಾಸಿಗಳು ಹೆಚ್ಚಾಗಿ ಆರಿಸಿಕೊಳ್ಳುವ ಸ್ಥಳವಿದು. ಕೊಳವೆ ಗಿಡ್ಡವಾಗುತ್ತದೆ, ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಆದರೆ ರೇಡಿಯೇಟರನ್ನು ಮಲಗಿಸಿ ಕಟ್ಟಿದರೆ ಗಾಳಿ ಅದರ ಮುಖವನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಹಾದುಹೋಗುವ ಗಾಳಿ ಕೋಣೆಯೊಳಕ್ಕೆ ಬಾರದಂತೆ. ಆದ್ದರಿಂದ ರೇಡಿಯೇಟರನ್ನು ಓರೆಯಾಗಿ ನಿಲ್ಲಿಸಬೇಕು, ಗಾಳಿಯನ್ನು ಹಿಡಿದು ತಿರುಗಿಸುವ ತಗಡಿನ ಬಾಯನ್ನು ಕಟ್ಟಬೇಕು, ಬಲವಾದ ಫ್ಯಾನುಗಳನ್ನು ಕೂಡಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ರಸ್ತೆಗಳ ಮಾತು ಉಳಿಯುತ್ತದೆ. ಊರೂರಿನ ರಸ್ತೆಯುಬ್ಬುಗಳು ಮೊದಲು ತಾಗುವುದು ವ್ಯಾನಿನ ಹೊಟ್ಟೆಗೆ. ಮಾಗಡಿ, ಕುಣಿಗಲು ಸೀಮೆಯ ಒಳರಸ್ತೆಗಳಲ್ಲಿ ಸುಗ್ಗಿ ಬಂದರೆ ರೈತರು ರಾಗಿ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ರಸ್ತೆಯ ಮೇಲೆಯೇ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವುದುಂಟು. ಆ ಹೊಟ್ಟು, ಆ ಕಡ್ಡಿ, ಕೆಂಪು ಮಣ್ಣಿನ ಧೂಳು ಎಲ್ಲವೂ ತಗ್ಗಿನಲ್ಲಿರುವ ರೇಡಿಯೇಟರಿನ ಸಂದುಗಳನ್ನು ಸೇರುತ್ತವೆ. ಹೀಗೆ ಅರ್ಧ ಮುಚ್ಚಿಹೋದ ರೇಡಿಯೇಟರು ಘಟ್ಟದಲ್ಲಿ ಏನು ಮಾಡುವುದೆಂಬುದನ್ನು ಮೇಲೆ ಲೆಕ್ಕ ಹಾಕಿಯೇ ನೋಡಿದೆವು.

ಮೂರನೆಯದು ಹಿಂಭಾಗ, ಇಂಜಿನಿನ ಬಗಲಿನಲ್ಲಿ. ವಿದ್ಯುತ್ ಫ್ಯಾನು ಬಳಕೆಗೆ ಬರುವ ಮುನ್ನ ಹಿಂದೆ ಇಂಜಿನಿದ್ದ ಕಾರುಗಳಿಗೆ ಇದೇ ಸ್ಥಳ ಗತಿಯಾಗಿದ್ದಿತು. ಫ್ಯಾನನ್ನು ಇಂಜಿನಿನ ಬೆಲ್ಟೇ ತಿರುಗಿಸಬೇಕಾಗಿದ್ದುದರಿಂದ ರೇಡಿಯೇಟರು ಇಂಜಿನಿನಿಂದ ದೂರ ಹೋಗುವಂತಿರಲಿಲ್ಲ. ಇಟಲಿಯ ಫಿಯೆಟ್ ೬೦೦ (೧೯೫೫), ಬ್ರಿಟನ್ನಿನ ಹಿಲ್ಮನ್ ಇಂಪ್ (೧೯೬೩), ಚೆಕೊಸ್ಲೊವಾಕಿಯದ ಸ್ಕೋಡಾ ೧೦೦೦ (೧೯೬೪) ಇವೆಲ್ಲ ಹಾಗೆಯೇ ಇದ್ದವು. ಅದೇ ಸ್ಕೋಡಾ ಕಾರ್ಖಾನೆ ೧೯೭೬ರ ಹೊಸ ಮಾದರಿಯಲ್ಲಿ ಇಂಜಿನನ್ನು ಹಿಂದೆಯೇ ಉಳಿಸಿ, ರೇಡಿಯೇಟರನ್ನು ಮೋರೆಗೆ ಸಾಗಿಸಿ, ವಿದ್ಯುತ್ ಫ್ಯಾನನ್ನು ಕೂಡಿಸಿತು. ಹಿಂಭಾಗದ ಮುಖ್ಯ ತೊಂದರೆ ಎರಡು: ಎದುರುಗಾಳಿಯ ನೆರವಿಲ್ಲ, ಒಮ್ಮೆ ಬಿಸಿಯಾಗಿ ಹೊರಬಿದ್ದ ಗಾಳಿಯೇ ಸುತ್ತಿಕೊಂಡು ಮತ್ತೆ ಒಳಬರುವ ಭಯವುಂಟು.

ಹಾಗಿದ್ದರೆ ಐರಾವತ ಬಸ್ಸು ಘಟ್ಟವನ್ನು ಹೇಗೆ ಹತ್ತುತ್ತದೆ? ವೋಲ್ವೋ ಸಂಸ್ಥೆ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ೨೦೦೧ರಿಂದ ತಯಾರಿಸತೊಡಗಿದ ಈ ಬಗೆಯ ಬಸ್ಸುಗಳ ರೇಡಿಯೇಟರು ಹಿಂದೆ, ಪಕ್ಕದಲ್ಲಿ ಇರುವುದನ್ನು ಆರಂಭದಲ್ಲಿಯೇ ಹೇಳಿದೆವು. ಅಲ್ಲಿ ಇಂಜಿನಿಯರುಗಳು ಎದುರುಗಾಳಿಯನ್ನು ನೆಚ್ಚಿಕೊಂಡೇ ಇಲ್ಲ. ದೊಡ್ಡ ರೇಡಿಯೇಟರು, ಇಂಜಿನಿನ ಶಕ್ತಿಯಿಂದಲೇ ತಿರುಗುವ ದೊಡ್ಡ ಫ್ಯಾನು, ಗಾಳಿ ಅತ್ತಿತ್ತ ಸೋರದಂತೆ ಕವಚ, ಇವುಗಳಿಂದ ಬೇಕಾದ ಒತ್ತಡವನ್ನು ತಾವೇ ಉಂಟುಮಾಡಿಕೊಂಡಿದ್ದಾರೆ. ಬಸ್ಸು ನಿಂತಿದ್ದರೂ ಒಂದೇ, ಓಡುತ್ತಿದ್ದರೂ ಒಂದೇ. ನೂರಾರು ಅಶ್ವಶಕ್ತಿಯ ಇಂಜಿನು ಅದರಲ್ಲಿ ಕೆಲವನ್ನು ಫ್ಯಾನಿಗೆ ಬಿಟ್ಟುಕೊಡಬಲ್ಲುದು. ೭೦-೮೦ ಅಶ್ವಶಕ್ತಿಯ ವ್ಯಾನು ಅಷ್ಟು ಧಾರಾಳಿಯಾಗಲಾರದು. ಇದರಿಂದ ತಿಳಿಯುವುದೇನೆಂದರೆ, ರೇಡಿಯೇಟರು ಮುಂದೆಯೇ ಇರಬೇಕೆಂಬುದು ನಿಯಮವಲ್ಲ. ಅದರ ಎರಡು ಮುಖಗಳ ನಡುವೆ ಸಾಕಷ್ಟು ಒತ್ತಡದ ವ್ಯತ್ಯಾಸವಿರಬೇಕೆಂಬುದೇ ನಿಯಮ. ಮೋರೆಯಲ್ಲಿ ಆ ವ್ಯತ್ಯಾಸದ ಒಂದು ಭಾಗ ಪುಕ್ಕಟೆಯಾಗಿ ಸಿಗುತ್ತದೆ. ಬೇರೆ ಕಡೆ ಅದಕ್ಕೆ ಬೆಲೆ ತೆರಬೇಕು.

ಮೋರೆಯಲ್ಲಿಟ್ಟರೂ ಫ್ಯಾನು ತಪ್ಪದು. ಘಟ್ಟದ ೪ ಮಿಲಿಮೀಟರಿನ ಒತ್ತಡ ಸಾಲದೆ ಹೋದಾಗ ವಿದ್ಯುತ್ ಫ್ಯಾನು ತಾನಾಗಿ ತಿರುಗಬೇಕು. ಆ ಫ್ಯಾನಿನ ಸುತ್ತ ರೇಡಿಯೇಟರಿನ ಮುಖವನ್ನೆಲ್ಲ ಒಳಗೊಳ್ಳುವ ಕವಚವಿರಬೇಕು. ಇಲ್ಲದಿದ್ದರೆ ಅದು ತನ್ನ ವೃತ್ತದಷ್ಟು ಭಾಗದಿಂದ ಮಾತ್ರ ಗಾಳಿಯನ್ನೆಳೆದು ನಾಲ್ಕು ಮೂಲೆಗಳನ್ನು ಸುಮ್ಮನೆ ಬಿಡುತ್ತದೆ. ಜಾಲರಿಗೂ ರೇಡಿಯೇಟರಿಗೂ ನಡುವಿನ ಸಂದುಗಳನ್ನೂ ಮುಚ್ಚಬೇಕು. ನೀರು ತಗ್ಗನ್ನು ಹುಡುಕುವಂತೆ ಗಾಳಿ ಸುಲಭದ ದಾರಿಯನ್ನು ಹುಡುಕುತ್ತದೆ. ಬದಿಯಲ್ಲಿ ಬೆರಳಗಲದ ಸಂದಿದ್ದರೂ ರೇಡಿಯೇಟರನ್ನು ಬಿಟ್ಟು ಅಲ್ಲಿಂದ ನುಸುಳಿಹೋಗುತ್ತದೆ.

ಕೊಳವೆಗಳೂ ಗಾಳಿಗುಳ್ಳೆಗಳೂ

ರೇಡಿಯೇಟರು ಇಂಜಿನಿನಿಂದ ಇಷ್ಟು ದೂರ ಹೋಗಬಲ್ಲುದೆಂಬುದೇ ಹಿಂದಿನವರಿಗೆ ಆಶ್ಚರ್ಯವಾಗುತ್ತಿತ್ತು. ೧೯೦೮ರಲ್ಲಿ ಹುಟ್ಟಿದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಮೊದಲ ಕೆಲವನ್ನು ಬಿಟ್ಟರೆ ಉಳಿದವಕ್ಕೆ ನೀರಿನ ಪಂಪೇ ಇರಲಿಲ್ಲ. ಬಿಸಿನೀರು ಹಗುರವಾಗಿ ಮೇಲೇರುವುದು, ತಣಿದ ನೀರು ಭಾರವಾಗಿ ಕೆಳಗಿಳಿಯುವುದು, ಇದರಿಂದಲೇ ನೀರು ಸುತ್ತುತ್ತಿತ್ತು. ಅಂತಹ ಕಾರಿನಲ್ಲಿ ರೇಡಿಯೇಟರು ಇಂಜಿನಿನ ಪಕ್ಕದಲ್ಲಿ, ತಕ್ಕ ಎತ್ತರದಲ್ಲಿಯೇ ಇರಬೇಕು. ಪಂಪು ಬಂದ ಮೇಲೆ ಈ ಕಟ್ಟು ಬಿಚ್ಚಿತು.

ಉದ್ದನೆಯ ಕೊಳವೆಯಲ್ಲಿ ನೀರನ್ನು ತಳ್ಳುವುದು ಕಷ್ಟವೆಂದು ಹಲವರು ಹೆದರುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹೆದರಿಕೆಗೆ ಕಾರಣವಿಲ್ಲ. ೩೨ ಮಿಲಿಮೀಟರು ಒಳವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ಅರ್ಧ ಲೀಟರು ಹರಿದರೆ, ಹೋಗಿಬರುವ ೬ ಮೀಟರು ದಾರಿಗೆ ವ್ಯಯವಾಗುವ ಒತ್ತಡ ಸುಮಾರು ೧೦ ಸೆಂಟಿಮೀಟರು ನೀರಿನ ಕಂಬದಷ್ಟು. ಆದರೆ ಕೊಳವೆಯ ವ್ಯಾಸವನ್ನು ಅರ್ಧ ಮಾಡಿದರೆ ಅದು ಎರಡರಷ್ಟಲ್ಲ, ಸುಮಾರು ಮೂವತ್ತರಷ್ಟಾಗುತ್ತದೆ! ಆದ್ದರಿಂದ ಉದ್ದಕ್ಕಿಂತಲೂ ಇಕ್ಕಟ್ಟೇ ಹೆಚ್ಚಿನ ಶತ್ರು. ರೇಡಿಯೇಟರು ಇಂಜಿನಿಗಿಂತ ಎತ್ತರದಲ್ಲಿದ್ದರೂ ಪಂಪಿಗೆ ಭಾರವಿಲ್ಲ. ಮುಚ್ಚಿದ ಸುತ್ತಿನಲ್ಲಿ ಏರುವ ನೀರಿನ ತೂಕವನ್ನು ಇಳಿಯುವ ನೀರಿನ ತೂಕ ಸರಿದೂಗಿಸುತ್ತದೆ, ಬಾವಿಯ ರಾಟೆಯ ಎರಡು ಕಡೆಯ ಕೊಡಗಳಂತೆ.

ನಿಜವಾದ ಕಂಟಕ ಗಾಳಿಗುಳ್ಳೆ. ನೀರು ತುಂಬುವಾಗ ಉಳಿದ ಗಾಳಿ ಸುತ್ತಿನ ಅತ್ಯಂತ ಎತ್ತರದ ಜಾಗದಲ್ಲಿ ಸೇರುತ್ತದೆ. ಮೋರೆಯಲ್ಲಿರುವ ರೇಡಿಯೇಟರಿನ ತಲೆಯೇ ಅಂತಹ ಜಾಗ. ಗಾಳಿ ನಿಂತ ಭಾಗದಲ್ಲಿ ನೀರು ಹರಿಯದು. ಏರುವ ನೀರಿಗೂ ಇಳಿಯುವ ನೀರಿಗೂ ಇದ್ದ ಸಮತೋಲ ತಪ್ಪುತ್ತದೆ. ೧೯೮೨ರ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಮಾಡಿದ್ದರು. ರೇಡಿಯೇಟರಿನ ಮೇಲ್ತುದಿಯಲ್ಲಿ ಗಾಳಿ ಬಿಡುವ ತಿರುಪೊಂದು ಇದ್ದಿತು. ಹೊಸದಾಗಿ ನೀರು ತುಂಬುವಾಗ ವ್ಯಾನಿನ ಮೂತಿಯನ್ನು ಸುಮಾರು ೪೦ ಸೆಂಟಿಮೀಟರು ಮೇಲಕ್ಕೆತ್ತಿ ನಿಲ್ಲಿಸಿ, ಇಂಜಿನನ್ನು ಓಡಿಸುತ್ತ ಆ ತಿರುಪನ್ನು ಸಡಿಲಿಸುವರು; ಗುಳ್ಳೆಗಳೆಲ್ಲ ಹೋಗಿ ನೀರು ಎಡೆಬಿಡದೆ ಬಂದಾಗ ಬಿಗಿಯುವರು. ಇದನ್ನು ತಿಳಿಯದೆ ಬರಿದೆ ನೀರು ಸುರಿದ ವ್ಯಾನು ಎಷ್ಟು ಒಳ್ಳೆಯ ಸ್ಥಳದಲ್ಲಿ ರೇಡಿಯೇಟರಿದ್ದರೂ ಕುದಿಯದೆ ಬಿಡದು. ಕೊಳವೆಗಳು ನಡುವೆ ಎಲ್ಲಿಯೂ ಡುಬ್ಬವಾಗದಂತೆ ಒಂದೇ ಇಳಿಜಾರಿನಲ್ಲಿ ಸಾಗಬೇಕೆಂಬುದಕ್ಕೂ ಇದೇ ಕಾರಣ.

ಮಾಡಿ ನೋಡಿ

ಮೇಲಿನ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ವ್ಯಾನಿನ ಆಕಾರದ ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ನಾಲ್ಕು ಬೆಂಡಿನ ತುಂಡುಗಳ ಮೇಲೆ ನಿಲ್ಲಿಸಿ, ಎದುರಿಗೆ ಮೇಜಿನ ಫ್ಯಾನನ್ನು ಇಡಿ. ಬೆರಳುದ್ದದ ಉಣ್ಣೆಯ ಎಳೆಗಳನ್ನು ಪೆಟ್ಟಿಗೆಯ ಮೋರೆ, ಪಕ್ಕ, ಮಾಡು, ಹಿಂಭಾಗಗಳಲ್ಲಿ ಒಂದು ತುದಿಯಿಂದ ಅಂಟಿಸಿ. ಫ್ಯಾನು ತಿರುಗುವಾಗ ಯಾವ ಎಳೆ ಮೈಗೆ ಒತ್ತಿಕೊಳ್ಳುತ್ತದೆ, ಯಾವುದು ಹಿಂದಕ್ಕೆ ಚಾಚುತ್ತದೆ, ಯಾವುದು ಸುಮ್ಮನೆ ಸುಳಿದಾಡುತ್ತದೆ ಎಂಬುದನ್ನು ಬರೆದುಕೊಳ್ಳಿ. ಬಳಿಕ ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರನ್ನು ತುಂಬಿ, ಒಂದನ್ನು ಪೆಟ್ಟಿಗೆಯ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು, ಎರಡೆರಡು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಅಳೆಯಿರಿ. ಗ್ರಾಫ್ ಕಾಗದದ ಮೇಲೆ ಎರಡು ಗೆರೆಗಳನ್ನು ಎಳೆದರೆ ಅವುಗಳ ಓರೆಯೇ ಸ್ಥಳದ ಬೆಲೆಯನ್ನು ಹೇಳುತ್ತದೆ. ಆಮೇಲೆ ಹಿಂದಿನ ಲೋಟಕ್ಕೆ ಮಾತ್ರ ಗಾಳಿ ತಾಗುವಂತೆ ರಟ್ಟಿನ ಓಣಿಯೊಂದನ್ನು ಕಟ್ಟಿ ನೋಡಿ. ಬಸ್ಸಿನ ಇಂಜಿನಿಯರುಗಳು ಮಾಡಿದ್ದು ಏನೆಂಬುದು ತಿಳಿಯುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ೧೧೫ ಡಿಗ್ರಿಯಲ್ಲಿದ್ದ ನೀರಿನ ಮೇಲಿನ ಒತ್ತಡ ಥಟ್ಟನೆ ಇಳಿದರೆ ಅದರ ಒಂದಂಶ ಆ ಕ್ಷಣವೇ ಆವಿಯಾಗಿ ಉಳಿದ ನೀರನ್ನು ಮುಖಕ್ಕೆ ಎರಚುತ್ತದೆ. ಘಟ್ಟದ ದಾರಿಯಲ್ಲಿ ಅವಸರಪಟ್ಟು ಕೈ, ಮುಖ ಸುಟ್ಟುಕೊಂಡವರು ಕಡಿಮೆಯಿಲ್ಲ. ಅರ್ಧ ಗಂಟೆಯಾದರೂ ಕಾಯುವುದೇ ಲೇಸು. ಎರಡನೆಯದಾಗಿ, ವಾಹನದ ಇಂಜಿನನ್ನು ಬದಲಾಯಿಸುವುದು ಮನೆಯೊಳಗಿನ ಮಾತಲ್ಲ. ನಮ್ಮ ದೇಶದ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ ವಾಹನವನ್ನು ಮಾರ್ಪಡಿಸುವುದಕ್ಕೆ ಕಟ್ಟುಪಾಡುಗಳನ್ನು ಹಾಕಿದೆ. ಸ್ಪ್ಯಾನರು ಹಿಡಿಯುವುದಕ್ಕೆ ಮುಂಚೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ವಿಚಾರಿಸುವುದು ಅಗತ್ಯ.

ಮುಂದೆ ಪೆಟ್ರೋಲು ಇಂಜಿನೇ ಮರೆಯಾದರೆ ಈ ವಿಚಾರವೆಲ್ಲ ವ್ಯರ್ಥವಾಗುವುದೇ ಎಂದು ಕೆಲವರು ಕೇಳಬಹುದು. ಸೋಲೂರಿಗೆ ದೂರವಲ್ಲದ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯವರು ತಯಾರಿಸುವ ಹೈಬ್ರಿಡ್ ವಾಹನಗಳಲ್ಲಿ ನೀರಿನ ಸುತ್ತು ಒಂದಲ್ಲ, ಎರಡು: ಇಂಜಿನಿಗೊಂದು, ವಿದ್ಯುತ್ ಉಪಕರಣಗಳಿಗೆ ಇನ್ನೊಂದು. ಎರಡನೆಯ ಸುತ್ತು ಮೊದಲನೆಯದಕ್ಕಿಂತ ತಂಪಾಗಿರಬೇಕು. ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರ ಕಿರಿದಾದಷ್ಟೂ ಶಾಖವನ್ನು ಬಿಡುವುದು ಕಷ್ಟವಾಗುತ್ತದೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ. ಬ್ಯಾಟರಿಯ ವ್ಯಾನುಗಳಲ್ಲಿಯೂ ಬ್ಯಾಟರಿಯನ್ನು ಹದವಾದ ಉಷ್ಣತೆಯಲ್ಲಿಡಲು ಹಲವು ತಯಾರಕರು ನೀರನ್ನೇ ಬಳಸುತ್ತಿದ್ದಾರೆ. ಶಾಖದ ಮೂಲ ಬದಲಾಗಬಹುದು. ಘಟ್ಟದ ಏರು ಬದಲಾಗುವುದಿಲ್ಲ, ಗಾಳಿಯ ಒತ್ತಡ ವೇಗದ ವರ್ಗವನ್ನು ಅನುಸರಿಸುವುದೂ ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಕಾಲದ ವ್ಯಾನನ್ನು ರೂಪಿಸುವ ವಿದ್ಯಾರ್ಥಿಯೂ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಬೇಕಾಗುತ್ತದೆ.